ಸ್ಟೂಲು ಎಳೆಯುವ ಕೈ

ಬೆಳಕು ಹರಿಯುವ ಮುಂಚೆ ತೂಬಾ ಹಿಟ್ಟು ನಾದಿದಳು, ತಂದೂರಿಗೆ ಬೆಂಕಿ ಹಾಕಿ ರೊಟ್ಟಿ ಬಡಿದಳು, ಆಡಿನ ಹಾಲು ಕರೆದಳು, ಗಂಡನ ಕರಿ ಅಂಗಿಗೆ ಇಸ್ತ್ರಿ ಹಾಕಿದಳು. ಕೇಸರಿ ಹೂ ಬಿಡಿಸಲು ಮಾತ್ರ ಹೋಗಲಿಲ್ಲ. ಬಿಸಿಲೇರಿದರೆ ಬಾಡುತ್ತವೆ, ಬಾಡಲಿ. ಅವಳ ಮಗ ಯೂನುಸನನ್ನು ಕೊಂದವನಿಗೆ ಇವತ್ತು ಬೀರ್ಜಂದ್ ಪಟ್ಟಣದ ಜೈಲಿನಲ್ಲಿ ಗಲ್ಲು.

ಕೊಂದವನು ನೆರೆಮನೆಯ ನೇಮತ್. ಕಾಲುವೆ ನೀರಿನ ಸರದಿಗೆ ಜಗಳವಾಗಿ ಸಲಿಕೆಯಿಂದ ಹೊಡೆದಿದ್ದ. ಕಾನೂನಿನಲ್ಲಿ ಪ್ರಾಣಕ್ಕೆ ಪ್ರಾಣ ಕೇಳುವ ಹಕ್ಕು, ಕ್ಷಮಿಸುವ ಹಕ್ಕು, ಎರಡೂ ಸತ್ತವನ ತಂದೆತಾಯಿಯದು; ಗಲ್ಲಿಗೆ ನಿಂತವನ ಕಾಲಡಿಯ ಸ್ಟೂಲು ಎಳೆಯಬೇಕಾದವರೂ ಅವರೇ. ಆದರೆ ಊರ ಹಿರಿಯರು ಕುರಾನ್ ಹಿಡಿದು ಬಂದು ಕ್ಷಮೆ ಬೇಡಿದ್ದು ತಂದೆ ರಜಬಲಿಯನ್ನು ಮಾತ್ರ. ಮಾತು ನಡೆಸಿಕೊಡುವವರೆಗೆ ಚಹಾ ಮುಟ್ಟುವುದಿಲ್ಲವೆಂದು ಕೂರುತ್ತಿದ್ದರು. ರಜಬಲಿ ಗೋಡೆ ನೋಡುತ್ತಿದ್ದ. ಆರಿದ ಚಹಾ ಚೆಲ್ಲಿ ಲೋಟ ತೊಳೆದವಳು ತೂಬಾ. ಕೊನೆಗೆ ಅವನು "ಕ್ಷಮೆ ಇಲ್ಲ" ಎಂದ. ಹೆಬ್ಬೆಟ್ಟು ಒತ್ತೆಂದಲ್ಲಿ ಇವಳೂ ಒತ್ತಿದಳು. ಇವಳಿಗೂ ಅದೇ ಬೇಕಿತ್ತು.

ಕಾರಿನಲ್ಲಿ ನಾದಿನಿ ಎಫ್ಫತ್ ಮೆಲ್ಲಗೆ ಮಾತು ತೆಗೆದಳು. "ಅತ್ತಿಗೆ, ಶುಕ್ರವಾರದ ಸಿನಿಮಾ ನೋಡಿದ್ಯಾ? ಕೊನೇ ಗಳಿಗೇಲಿ ತಾಯೀನೇ ಕುಣಿಕೆ ಬಿಚ್ತಾಳೆ. ಅತ್ತೂ ಅತ್ತೂ ಸಾಕಾಯ್ತು ನಮಗೆ."

"ಆಮೇಲೆ ಮನೆಗೆ ಬಂದು ಮಗನ ಹಾಸಿಗೆ ಯಾರು ಮಡಚಿಟ್ರಂತೆ? ಅದನ್ನೂ ತೋರಿಸಿದ್ರಾ?"

ಎಫ್ಫತ್ ಕಿಟಕಿಯತ್ತ ತಿರುಗಿದಳು.

ಜೈಲಿನ ಬಾಗಿಲಲ್ಲಿ ಇಳಿಯುವಾಗ ರಜಬಲಿ ಬಾಯಿಬಿಟ್ಟ. "ಯೂನುಸನ ತಾಯಿ, ಸ್ಟೂಲು ನೀನೇ ಎಳಿ. ನಂಗೆ ಕೈ ನಡುಗುತ್ತೆ."

ಹದಿನಾರಕ್ಕೆ ಮದುವೆಯಾಗಿ ಬಂದಾಗಿನಿಂದ ಯಾರಿಗೂ ಬೇಡದ ಕೆಲಸ ತೂಬಾಳದೇ. ಮಾವನ ಹುಣ್ಣು ತೊಳೆದದ್ದು, ಹಬ್ಬಕ್ಕೆ ಕೋಳಿ ಕೊಯ್ದದ್ದು, ಸತ್ತ ಮಗನ ರಕ್ತದಂಗಿ ಒಗೆದದ್ದು.

"ಕೋಳಿ ಕೊಯ್ಯೋವಾಗ್ಲೂ ನಡುಗ್ತಿತ್ತು ನಿನ್ನ ಕೈ," ಎಂದಳು. "ತಿನ್ನೋವಾಗ ಒಂದಿನಾನೂ ನಡುಗ್ಲಿಲ್ಲ."

ಅಂಗಳದಲ್ಲಿ ನೇಮತ್ ಸ್ಟೂಲಿನ ಮೇಲೆ ನಿಂತಿದ್ದ, ಕೊರಳಿಗೆ ಕುಣಿಕೆ. ಚಿಕ್ಕಂದಿನಲ್ಲಿ ಇವಳ ತಂದೂರಿನ ಬಿಸಿರೊಟ್ಟಿಗೆ ಯೂನುಸನ ಜೊತೆ ಕಿತ್ತಾಡಿದವನು. "ತೂಬಾ ಚಿಕ್ಕಮ್ಮಾ," ಎಂದ.

ಅಧಿಕಾರಿ ಸ್ಟೂಲಿಗೆ ಕಟ್ಟಿದ ಹಗ್ಗದ ತುದಿಯನ್ನು ಅವಳ ಕೈಗಿಟ್ಟ. "ಕ್ಷಮಿಸ್ತೀರಾ, ತಾಯಿ?"

ಇದನ್ನು ಅವಳನ್ನು ಯಾರಾದರೂ ಕೇಳಿದ್ದು ಇದೇ ಮೊದಲು. ಎದೆಯೊಳಗೆ ಹುಡುಕಿದಳು, ಕ್ಷಮೆಯ ಹನಿಯೂ ಇರಲಿಲ್ಲ. ತಿರುಗಿ ನೋಡಿದರೆ ರಜಬಲಿ ಹಿಂದೆ ಸರಿದು, ಇಸ್ತ್ರಿಯ ಅಂಗಿಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ನಾಳೆ ಹಿರಿಯರು ಬಂದು ಅವನ ಜೊತೆ ಚಹಾ ಕುಡಿಯುತ್ತಾರೆ. ಊರು ಮಾತ್ರ, ಕೊಂದವಳು ತೂಬಾ, ಎನ್ನುತ್ತದೆ.

"ಕ್ಷಮಿಸಿಲ್ಲ," ಎಂದಳು. "ನನ್ನ ಪಾಲಿನ ಹಕ್ಕು ಬಿಟ್ಟಿದೀನಿ, ಅಷ್ಟೇ. ಬೇಕಾದವರು ಎಳೀಲಿ."

ಹಗ್ಗದ ತುದಿಯನ್ನು ಗಂಡನ ಅಂಗೈಗೆ ಹಾಕಿ, ಬೆರಳುಗಳನ್ನು ಒಂದೊಂದಾಗಿ ಮಡಚಿ, ಬಾಗಿಲ ಕಡೆ ನಡೆದಳು.