ಬೀಗದ ಮುಂದೆ ಮೂರೂವರೆ ಗಂಟೆ

ಮೊನ್ನೆ ನಮ್ಮ ಬಾಗಿಲಿಗೆ ಕೊರಿಯರಿನವನೊಬ್ಬ ಚೀಟಿ ಅಂಟಿಸಿಹೋಗಿದ್ದ: 'ಬಂದಿದ್ದೆವು, ಯಾರೂ ಇರಲಿಲ್ಲ.' ನಾನು ಒಳಗೇ ಇದ್ದೆ, ತಲೆಗೆ ಸೀಗೇಪುಡಿ ಹಾಕಿಕೊಂಡು ಸ್ನಾನದ ಮನೆಯಲ್ಲಿ. ಬಹಳ ಸಿಟ್ಟು ಬಂತು. ಆಮೇಲೆ ನೆನಪಾಯಿತು, ಇಂಥ ತೀರ್ಪನ್ನು ನಾನೂ ಬೇಕಾದಷ್ಟು ಮನೆಗಳಿಗೆ ಕೊಟ್ಟವನೇ.

ನಿಮಗೆ ಹೇಳಬೇಕು, ಹತ್ತು ವರ್ಷದ ಹಿಂದೆ ನಾನು ಬಾಗಲಗುಂಟೆ ಕಡೆಯ ಒಂದು ಸಣ್ಣ ಚರ್ಚಿಗೆ ಕಾರ್ಯದರ್ಶಿಯಾಗಿದ್ದೆ. ಸಂಬಳವಿಲ್ಲದ ಹುದ್ದೆ, ಆದ್ದರಿಂದ ಗತ್ತು ಹೆಚ್ಚು. ಪಾಸ್ಕ ಹಬ್ಬ, ಅಂದರೆ ಈಸ್ಟರ್, ಮುಗಿದ ಮೇಲೆ ಫಾದರ್ ಮನೆಮನೆಗೆ ಹೋಗಿ ತೀರ್ಥ ಚಿಮುಕಿಸಿ ಆಶೀರ್ವದಿಸುವ ಪದ್ಧತಿ. ಅದಕ್ಕೆ ಮುಂಚೆ ನಾನು ತಿರುಗಿ, ಯಾವ ಮನೆಯಲ್ಲಿ ಯಾರಿದ್ದಾರೆಂದು ಕುಟುಂಬ ಪುಸ್ತಕದಲ್ಲಿ ಬರೆಯುತ್ತಿದ್ದೆ. ತಿಂಡಿ ತಿಂದು ಹನ್ನೊಂದಕ್ಕೆ ಹೊರಟರೆ ಒಂದಕ್ಕೆ ಊಟಕ್ಕೆ ವಾಪಸು. ಬಾಗಿಲು ಹಾಕಿದ್ದರೆ ಹೆಸರಿನ ಮುಂದೆ 'ಬೀಗ' ಎಂದು ಬರೆಯುವುದು; ಮೂರು ವರ್ಷ ಬೀಗವಾದರೆ ಹೆಸರು ಹೊಡೆದುಹಾಕುವುದು. ಶಾಸನಕರ್ತನೂ ನಾನೇ, ನ್ಯಾಯಾಧೀಶನೂ ನಾನೇ.

ಒಂದು ಶುಕ್ರವಾರ ತೆರೇಜಮ್ಮ ಬಂದಳು. ರಾಯಚೂರು ಕಡೆಯವಳು, ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ. ಊರಲ್ಲಿ ಅಜ್ಜಿಯ ಹತ್ತಿರವಿದ್ದ ಮಗಳು ಶೀಲಾಗೆ ಆ ಭಾನುವಾರವೇ ಪ್ರಥಮ ಪರಮಪ್ರಸಾದ, ಮಕ್ಕಳು ಪೂಜೆಯಲ್ಲಿ ಮೊದಲ ಸಲ ಪ್ರಸಾದ ಸ್ವೀಕರಿಸುವ ದಿನ. ತಂದೆತಾಯಿ ಇರುವ ಚರ್ಚಿನಿಂದ 'ಇವರು ನಮ್ಮವರೇ' ಎಂಬ ಪತ್ರ ಬೇಕೆಂದು ಅಲ್ಲಿಯ ಗುರುಗಳು ಕೇಳಿದ್ದರು. ಪತ್ರವಿಲ್ಲದಿದ್ದರೆ ಮುಂದಿನ ವರ್ಷ.

ನಾನು ಪುಸ್ತಕ ತೆರೆದೆ. ಹೆಸರಿನ ಮೇಲೆ ಕೆಂಪು ಗೆರೆ.

"ನಿಮ್ಮನೆ ಮೂರು ವರ್ಷದಿಂದ ಬೀಗ ಕಣಮ್ಮ."

"ಬೀಗ ಇರದ ಮತ್ತೇನ್ರಿ ಸರ? ನಾ ಪ್ಯಾಕ್ಟ್ರ್ಯಾಗ. ಯಜಮಾನ್ರು ಕೆಲಸಕ್ಕಂತ ಅತ್ತಿಬೆಲ್ಯಾಗ ಅದಾರ. ಮಗಳು ಊರಾಗ. ಮನ್ಯಾಗ ಯಾರಿರಬೇಕ್ರಿ?"

"ಭಾನುವಾರ ಪೂಜೆಗಾದ್ರೂ ಬರಬಾರದೇ?"

"ಒಂದ್ವಾರ ನಾ ಅಲ್ಲಿಗ್ ಹೋಗ್ತೀನ್ರಿ, ಒಂದ್ವಾರ ಅವ್ರು ಇಲ್ಲಿಗ್ ಬರ್ತಾರ್ರಿ. ಅಲ್ಲಿ ಚರ್ಚಿನ್ಯಾಗ ನೀವು ಪೀಣ್ಯದವ್ರು ಅಂತಾರ. ನೀವು ಬೀಗ ಅಂತೀರಿ."

ಸಮಿತಿಯ ಮುಂದಿಡಬೇಕಾಗುತ್ತದೆ ಎಂದು ನಾನು ಗಂಭೀರವಾಗಿ ಹೇಳುವಷ್ಟರಲ್ಲಿ ಒಳಗಿನಿಂದ ಫಾದರ್ ಬಂದರು.

"ಪತ್ರ ಬರ್ದುಕೊಡಿ."

"ಫಾದರ್, ನಿಯಮ..."

"ನಿಯಮ ಮಾಡ್ದೋರು ಯಾರು?"

"ನಾನೇ."

"ಸದ್ಯ, ಅಪ್ಪಣೆ ಕೇಳೋಕೆ ರೋಮಿಗೆ ಹೋಗ್ಬೇಕಾಗಿಲ್ಲ."

ಬರೆದೆ, ಅವರು ಸಹಿ ಹಾಕಿದರು. ಶನಿವಾರ ಕೆಲಸ ಬಿಟ್ಟೊಡನೆ ಗಂಡ ಚಿನ್ನಪ್ಪ ಅತ್ತಿಬೆಲೆಯಿಂದಲೇ ಊರಿಗೆ ಹೊರಡುವವನು. ಅವನ ಕೈಗೆ ಪತ್ರ ತಲುಪಿಸಲು ಇವಳಿಗೆ ರಜೆಯಿಲ್ಲ, ಶನಿವಾರ ರಾತ್ರಿತನಕ ಓವರ್‌ಟೈಮು. "ಮಗಳನ್ನ ನೋಡೋಕೆ ನೀನು ಹೋಗಲ್ವೇನಮ್ಮ?" ಎಂದೆ. "ನಾ ಹೋದ್ರ ನನ್ನ ಮಿಷನ್ ಮುಂದ ಸೋಮವಾರ ಬ್ಯಾರೇದಾಕಿ ಕುಂತಿರ್ತಾಳ್ರಿ" ಎಂದಳು.

ಫಾದರ್ ನನ್ನನ್ನು ನೋಡಿದರು. "ಅತ್ತಿಬೆಲೆ ಮನೆ ನೀವು ನೋಡಿಲ್ಲವಲ್ಲ. ಪತ್ರ ಕೊಟ್ಟು, ನೋಡ್ಕೊಂಡು ಬನ್ನಿ."

ಶನಿವಾರ ಬಾಗಲಗುಂಟೆಯಿಂದ ಮೆಜೆಸ್ಟಿಕ್, ಅಲ್ಲಿಂದ ಅತ್ತಿಬೆಲೆ. ಬಸ್ಸು ನಿಂತಾಗಲೆಲ್ಲ ಎದ್ದುನಿಂತು ಇಣುಕುತ್ತಿದ್ದೆ. "ಸೀಟ್ ಸುಡ್ತಾ ಐತಾ ಸಾರ್?" ಎಂದ ಕಂಡಕ್ಟರ್. ಎರಡು ಗಂಟೆಗೆ ಚಿನ್ನಪ್ಪನ ಕೋಣೆ ಸಿಕ್ಕಿತು. ಬೀಗ.

ಬೀಗ ಕಂಡರೆ ಬರೆದು ಮುಂದಕ್ಕೆ ನಡೆಯುವುದಷ್ಟೇ ನನಗೆ ಗೊತ್ತಿದ್ದ ವಿದ್ಯೆ. ಅಭ್ಯಾಸಬಲದಿಂದ ಕೈ ಜೇಬಿನ ಪೆನ್ನಿಗೂ ಹೋಯಿತು. ಆದರೆ ಮುಂದಕ್ಕೆ ನಡೆಯಲು ಅವತ್ತಿನ ಪಟ್ಟಿಯಲ್ಲಿ ಮುಂದಿನ ಮನೆಯೇ ಇರಲಿಲ್ಲ. ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಮನೆಯೊಡತಿ ಅಜ್ಜಿ ಹೇಳಿದಳು: "ಸಿಪ್ಟು ಬಿಟ್ಮ್ಯಾಕೆ ಬತ್ತಾನೆ, ಕುಂತ್ಕಳಿ." ಕೂತೆ. ಎದ್ದೆ. ಗೇಟಿನವರೆಗೆ ಹೋಗಿ ಬಂದೆ. ಬಾರದೆ ಹೋದರೆ? ನೇರ ಬಸ್ಸು ಹತ್ತಿಬಿಟ್ಟಿದ್ದರೆ? "ಯಾಕ್ ಸಾಮಿ, ನಿಂತ್ಕಂಡ್ರೆ ಬಿರ್‍ನೆ ಬಂದ್ಬುಡ್ತಾನಾ?" ಎಂದಳು ಅಜ್ಜಿ. ಹೀಗೆ ಮೂರೂವರೆ ಗಂಟೆ.

ಚಿನ್ನಪ್ಪ ಓಡುತ್ತಲೇ ಬಂದ. ಕೈಯೆಲ್ಲ ಗ್ರೀಸು, ತೊಳೆಯುವತನಕ ಪತ್ರ ಮುಟ್ಟಲಿಲ್ಲ. ಮುಟ್ಟಿದವನು ಕಣ್ಣಿಗೊತ್ತಿಕೊಂಡು ಅಂಗಿಯೊಳಗೆ ಇಟ್ಟುಕೊಂಡ. "ಸರ, ಚರ್ಚಿನವ್ರಂತ ನಮ್ಮ ಮನಿಗೆ ಬಂದವ್ರು ನೀವ ಮೊದಲ್ನೇದವ್ರು. ಚಾ ಕುಡ್ಸಾಕೂ ಹೊತ್ತಿಲ್ಲ ನೋಡ್ರಿ" ಎಂದು, ಚೀಲ ಹೆಗಲಿಗೇರಿಸಿ ಓಡಿದ. ನನ್ನ ಹೊಗಳಿಕೆಯ ದಾಹ ಅವತ್ತಿಗೆ ಪೂರ್ತಿ ತೀರಿತು.

ಶೀಲಾಗೆ ಪರಮಪ್ರಸಾದ ಸಿಕ್ಕಿತು. ಬಿಳಿ ಲಂಗದ ಮಗಳನ್ನು ತೆರೇಜಮ್ಮ ನೋಡಿದ್ದು ಫೋಟೋದಲ್ಲಿ.

ಹೋದ ತಿಂಗಳು ತೆರೇಜಮ್ಮ ಸಿಕ್ಕಳು. ಶೀಲಾ ಈಗ ಮಾರತ್ತಹಳ್ಳಿಯ ಪೀಜಿಯಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಾಳಂತೆ. ಅಂದರೆ ಮೂವರೂ ಒಂದೇ ಊರು ಸೇರಿದ್ದಾರೆ, ಮೂರು ಮೂಲೆಯಲ್ಲಿ. "ಮನೆಗೆ ಯಾವಾಗ ಬರಲಮ್ಮ?" ಎಂದು ಕೇಳಿದೆ. ಅವಳು ಬೆರಳು ಮಡಿಸಿ ಮೂವರ ಡ್ಯೂಟಿ ಹೊಂದಿಸಿ ನೋಡಿದಳು. "ಬರೋ ತಿಂಗಳ ಎರಡ್ನೇ ಐತವಾರ, ನಾಕರಿಂದ ಆರು. ಮೂರೂ ಮಂದಿ ಇರ್ತೀವ್ರಿ. ಹೊಸ ಫಾದರನ್ನೂ ಕರ್ಕೊಂಡ್ ಬರ್ರಿ."

ಇವತ್ತೇ ಆ ಭಾನುವಾರ. ಈಗ ಮೂರೂವರೆ; ಫಾದರ್ ಇನ್ನೂ ಬಂದಿಲ್ಲ, ನಾನು ಚಪ್ಪಲಿ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹೊಸಬರು, ಅವರ ಉಪದೇಶ ಸ್ವಲ್ಪ ಉದ್ದ. ದಾರಿಯಲ್ಲೇ ಹೇಳಿಬಿಡಬೇಕು: ಅವರ ಎರಡು ಗಂಟೆಯಲ್ಲಿ ನಮ್ಮ ಪಾಲು ಹತ್ತು ನಿಮಿಷ, ತೀರ್ಥ ಚಿಮುಕಿಸಿದ್ದೇ ಎದ್ದುಬಿಡೋಣ, ಚಹಾಕ್ಕೂ ಕೂರುವುದು ಬೇಡ.