ಕರ್ನಲ್ ಸಾಹೇಬರ ಮಂಡಿ

ಎಪ್ಪತ್ತರ ದಶಕದಲ್ಲಿ ನಾನು ಮ್ಯಾನ್‌ಹಟನ್ನಿನ ಆಸ್ಪತ್ರೆಯೊಂದರಲ್ಲಿ ಮೂಳೆ ಡಾಕ್ಟರಾಗಿದ್ದಾಗ, ಆಫ್ರಿಕಾದ ಕರ್ನಲ್ ಒಬ್ಬರು ಮಂಡಿನೋವು ಅಂತ ಬಂದರು. ಅವರ ದೇಶದಲ್ಲಿ ಸೈನ್ಯ ಆಗಷ್ಟೇ ಚುನಾವಣೆ ನಡೆಸಿ ಅಧಿಕಾರ ಬಿಟ್ಟುಕೊಟ್ಟಿತ್ತು.

"ರಾಜಕೀಯ ಸಾಕಾಯಿತು ಡಾಕ್ಟರ್. ಇನ್ನು ಕೋಳಿ ಸಾಕುತ್ತೇನೆ," ಅಂದರು. ಆಮೇಲೆ, "ಆಪರೇಷನ್ ಆದ ಮೇಲೆ ಜೀಪಿನಿಂದ ಜಿಗಿಯೋದಕ್ಕೆ ಎಷ್ಟು ತಿಂಗಳು ಬೇಕು?" ಅಂತ ಕೇಳಿದರು.

"ಕೋಳಿ ಸಾಕೋದಕ್ಕೆ ಜೀಪಿನಿಂದ ಜಿಗಿಯಬೇಕಾ?" ಅಂದೆ.

ಅವರು ನಗಲಿಲ್ಲ. "ನಿಮ್ಮ ಇಂಡಿಯಾದ ಸೈನ್ಯ ಇನ್ನೂ ಪಾರ್ಲಿಮೆಂಟಿಗೆ ನುಗ್ಗುವ ದಾರಿ ಕಂಡಿಲ್ಲ. ನಾವು ಕಂಡುಬಿಟ್ಟಿದ್ದೇವೆ."

ಅನುಮಾನ ಬಂದರೂ ಆಪರೇಷನ್ ಮಾಡಿದೆ. ವರ್ಷದೊಳಗೆ ಅಲ್ಲಿ ಸೈನ್ಯ ಮತ್ತೆ ಅಧಿಕಾರ ಹಿಡಿಯಿತು. ಪತ್ರಿಕೆಯ ಫೋಟೋದಲ್ಲಿ ಕರ್ನಲ್ ಮುಂದಿನ ಸಾಲಿನಲ್ಲಿದ್ದರು.

ಆಮೇಲೆ ನನ್ನ ಸಿಟಿಜನ್‌ಶಿಪ್ ಫಾರ್ಮಿನಲ್ಲಿ, ಸರ್ಕಾರ ಉರುಳಿಸುವವರಿಗೆ ನೆರವಾಗಿದ್ದೀರಾ ಅಂತ ಕೇಳಿದ್ದರು. ಸ್ವಲ್ಪ ಹೊತ್ತು ಪೆನ್ನು ಹಿಡಿದುಕೊಂಡೇ ಕೂತಿದ್ದು, ಇಲ್ಲ ಅಂತ ಬರೆದೆ.