ಬೇರೆ ಪೆಟ್ಟಿಗೆ

ವಕೀಲರ ಫೋನ್ ಬಂದಾಗ ನಾನು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಶೃಂಗೇರಿ ಬಸ್ಸಿಗೆ ಕಾಯುತ್ತಿದ್ದೆ. "ಹೈಕೋರ್ಟಲ್ಲಿ ಗೆದ್ವಿ ಕಣಮ್ಮ. ನಿಮ್ಮ ಕೇರಿಯವ್ರ ಓಟೂ ಎಣಿಸ್ಬೇಕು ಅಂತ ಆರ್ಡರ್ ಆಗಿದೆ" ಎಂದರು. ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಪಕ್ಕದಲ್ಲಿ ಕೂತಿದ್ದ, ಪರಿಚಯವೇ ಇಲ್ಲದ ಹೆಂಗಸಿನ ಕೈ ಹಿಡಿದು ಅಲ್ಲಾಡಿಸಿಬಿಟ್ಟೆ.

"ಎಂತ ಮಾರಾಯ್ತಿ, ಲಾಟ್ರಿ ಹೊಡೀತಾ?"

"ಅದ್ಕಿಂತ ಜೋರು" ಎಂದೆ. ಶೃಂಗೇರಿ ಬಸ್ಸು ಬಂದು ಹೋಯಿತು. ನಾನು ಮನೆ ಕಡೆ ಓಡಿದೆ.

ವಿಷಯ ಇಷ್ಟು. ನಮ್ಮೂರ ಸಹಕಾರ ಸೊಸೈಟಿಯಲ್ಲಿ ನಮ್ಮ ಕೇರಿಯವರೂ ಷೇರು ಕಟ್ಟಿದ ಸದಸ್ಯರೇ. ಆದರೂ ಚುನಾವಣೆ ಬಂದಾಗ, ನೀವು ಸಭೆಗಳಿಗೆ ಬಂದಿಲ್ಲ, ಓಟಿಲ್ಲ ಎಂದರು ಸೊಸೈಟಿಯವರು. ಬರುವುದು ಹೇಗೆ? ಸಭೆಯ ನೋಟಿಸು ನಮ್ಮ ಕೇರಿಯತ್ತ ತಲೆ ಹಾಕಿಯೂ ಮಲಗಿರಲಿಲ್ಲ. ಜಾತಿ ನೋಡಿ ಮಾಡಿದ್ದೆಂದು ಮಕ್ಕಳಿಗೂ ಗೊತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ, ಕೋರ್ಟಿಗೆ ಹೋದೆ. ಸದ್ಯಕ್ಕೆ ಇವರೂ ಓಟು ಹಾಕಲಿ, ಆದರೆ ಬೇರೆ ಪೆಟ್ಟಿಗೆಯಲ್ಲಿಟ್ಟು ಸೀಲ್ ಮಾಡಿ, ಕೇಸು ಮುಗಿಯುವವರೆಗೆ ಯಾವ ಪೆಟ್ಟಿಗೆಯನ್ನೂ ತೆರೆಯಬೇಡಿ ಎಂದಿತ್ತು ಕೋರ್ಟು.

ಓಟಿನ ದಿನ ಆ ಬೇರೆ ಪೆಟ್ಟಿಗೆ ನೋಡಿ ಅವ್ವ ಸೊಸೈಟಿ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. "ಹೋಟ್ಲಲ್ಲಿ ಬೇರೆ ಲೋಟ ಕಂಡವಳು ನಾನು. ಈಗ ಓಟಿಗೂ ಬೇರೇನಾ? ನಾ ಹಾಕಲ್ಲ."

"ಹಾಕವ್ವ, ಹಾಕದಿದ್ರೆ ಅವ್ರಿಗೇ ಹಬ್ಬ" ಎಂದು ಗೋಗರೆದೆ. ಮುಖ ತಿರುಗಿಸಿಕೊಂಡೇ ಹಾಕಿದಳು. ಆಮೇಲೆ ಸೊಸೈಟಿಯ ಮುಂದೆ ಹೋಗಬೇಕಾದರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದಳು.

ತೀರ್ಪು ಬಂದ ಮೇಲೆ ಎಣಿಕೆಗೆ ಅವ್ವನನ್ನು ಎಳೆದುಕೊಂಡೇ ಹೋದೆ. ಕೇರಿಯವರೆಲ್ಲ ಕಿಟಕಿಗೆ ಜೋತುಬಿದ್ದಿದ್ದರು. ನೋಟಿಸು ಕೊಡದೆ ಹಕ್ಕು ಕಿತ್ತುಕೊಂಡದ್ದು ತಾರತಮ್ಯ, ಎಲ್ಲ ಓಟನ್ನೂ ಬೆರೆಸಿಯೇ ಎಣಿಸಬೇಕು ಎಂದು ಚುನಾವಣಾಧಿಕಾರಿ ಆದೇಶ ಓದಿದರು. ಓದುವಾಗ ಗಂಟಲು ಸರಿಪಡಿಸಿಕೊಂಡರು, ಅದನ್ನು ನೋಡಿ ನನಗೆ ನಗು ಬಂತು. ಮೊದಲು ಉಳಿದ ಸದಸ್ಯರ ಪೆಟ್ಟಿಗೆ ಮೇಜಿನ ಮೇಲೆ ಸುರಿದರು, ಅದರ ಮೇಲೆ ನಮ್ಮದು. ಗುಮಾಸ್ತರಿಬ್ಬರು ಒಣಗಲು ಹರಡಿದ ಮೆಣಸಿನಲ್ಲಿ ಕೈಯಾಡಿಸುವ ಹಾಗೆ ಚೀಟಿಗಳನ್ನು ಬೆರೆಸಿದರು.

ಅವ್ವ ಮೇಜಿನ ಹತ್ತಿರ ಹೋಗಿ ಬಗ್ಗಿದಳು. "ಇದ್ರಲ್ಲಿ ನಂದು ಯಾವ್ದು ಸಾರ್?"

"ಇನ್ನು ಹೇಳೋಕಾಗಲ್ಲಮ್ಮ" ಎಂದರು ಅಧಿಕಾರಿ. "ಎಲ್ಲ ಒಂದೇ ಥರ ಇದಾವೆ."

"ಹಾಗೇ ಇರ್ಲಿ ಬಿಡಿ" ಎಂದ ಅವ್ವ ಅಲ್ಲಿದ್ದ ಕುರ್ಚಿಯೊಂದನ್ನು ಎಳೆದುಕೊಂಡು ಕೂತಳು. ಎಣಿಕೆ ಮುಗಿಯುವವರೆಗೂ ಏಳಲಿಲ್ಲ.